ಸುಟ್ಟ ಪ್ಲಾಸ್ಟಿಕ್ ಎಲ್ಲಿಗೆ ಹೋಗುತ್ತದೆ?

ಚಳಿಗಾಲದ ಮುಂಜಾನೆ ಬೆಳಗಾವಿಯ ಕೋಟೆಕೆರೆಯ ಸುತ್ತಲಾಗಲಿ, ಖಾನಾಪುರದ ಪೇಟೆಯಲ್ಲಾಗಲಿ ನಡೆದವರಿಗೆ ಆ ವಾಸನೆ ಹೊಸದಲ್ಲ. ಗುಡಿಸಿದ ಎಲೆ, ಹಾಲಿನ ಚೀಲ, ಚಿಪ್ಸ್ ಪೊಟ್ಟಣ, ಎಲ್ಲಕ್ಕೂ ಒಂದೇ ಬೆಂಕಿಕಡ್ಡಿ. ಸುಟ್ಟರೆ ಪೀಡೆ ತೊಲಗಿತು ಎಂಬುದು ಊರಿನ ನಂಬಿಕೆ. ಅದು ಶುದ್ಧ ಸುಳ್ಳು.

ಪ್ಲಾಸ್ಟಿಕ್ ಎಂದರೆ ಸಾವಿರಾರು ಚಿಕ್ಕ ಅಣುಗಳು ಕೊಂಡಿಯಾಗಿ ಸೇರಿದ ಸರಪಳಿ. ಕಾಯಿಸಿದಾಗ ಈ ಸರಪಳಿ ಹರಿಯುತ್ತದೆ. ಹಾಲಿನ ಚೀಲದ ಪಾಲಿಥೀನ್ ಸುಮಾರು 120 ಡಿಗ್ರಿಯಲ್ಲಿ ಕರಗಿ, 400 ಡಿಗ್ರಿಯ ಆಸುಪಾಸಿನಲ್ಲಿ ಎಲ್ಲೆಂದರಲ್ಲಿ ತುಂಡಾಗಿ ಮೇಣ, ಎಣ್ಣೆ, ಅನಿಲಗಳಾಗುತ್ತದೆ. ಥರ್ಮಾಕೋಲ್ ಬಹುಪಾಲು ತಾನು ಹುಟ್ಟಿದ ಸ್ಟೈರೀನ್‌ಗೇ ಮರಳುತ್ತದೆ. ತೋಟದ ಪಿವಿಸಿ ಪೈಪಿನ ರೀತಿಯೇ ಬೇರೆ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಲೋರಿನ್. 200 ಡಿಗ್ರಿ ದಾಟುವ ಹೊತ್ತಿಗೆ, ಸರಪಳಿ ಹರಿಯುವ ಮೊದಲೇ, ಆ ಕ್ಲೋರಿನ್ ಹೈಡ್ರೋಕ್ಲೋರಿಕ್ ಆಮ್ಲದ ಆವಿಯಾಗಿ ಹೊರಬೀಳುತ್ತದೆ. ಕಣ್ಣು, ಗಂಟಲು ಉರಿಯುವುದು ಸುಮ್ಮನೆ ಅಲ್ಲ.

ಇನ್ನೂ ಕೆಟ್ಟದ್ದು ಡಯಾಕ್ಸಿನ್. ಅರೆಬೆಂದ ಮಸಿ, ಕ್ಲೋರಿನ್ ಮತ್ತು ಬೂದಿಯಲ್ಲಿನ ಲೋಹದ ಕಣಗಳು 200ರಿಂದ 450 ಡಿಗ್ರಿಯ ಶಾಖದಲ್ಲಿ ಕೂಡಿದಾಗ ಅದು ರೂಪುಗೊಳ್ಳುತ್ತದೆ. ಯುರೋಪಿನ ದಹನಕುಲುಮೆಗಳಲ್ಲಿ ಹೊಗೆಯನ್ನು 850 ಡಿಗ್ರಿಯಲ್ಲಿ ಕನಿಷ್ಠ ಎರಡು ಸೆಕೆಂಡು ಇರಿಸಬೇಕೆಂಬ ಕಟ್ಟಳೆ ಇರುವುದು ಇದೇ ಕಾರಣಕ್ಕೆ. ಹಸಿ ಎಲೆಯೊಡನೆ ಹೊಗೆಯಾಡುವ ರಸ್ತೆಬದಿಯ ರಾಶಿಗೆ ಆ ಶಾಖ ಎಲ್ಲಿಂದ ಬರಬೇಕು? ವಿಷ ಬೇಯಿಸಲು ಅದಕ್ಕಿಂತ ಹದವಾದ ಒಲೆಯಿಲ್ಲ. ಗಾಳಿಯಲ್ಲಿ ಹೋದ ಡಯಾಕ್ಸಿನ್ ಹುಲ್ಲಿನ ಮೇಲೆ ಕೂರುತ್ತದೆ. ಹುಲ್ಲಿನಿಂದ ಎಮ್ಮೆಗೆ, ಎಮ್ಮೆಯಿಂದ ಹಾಲಿನ ಕೊಬ್ಬಿಗೆ, ಅಲ್ಲಿಂದ ಮಗುವಿಗೆ. ಉಳಿದ ಬೂದಿ ಮುಂಗಾರಿನಲ್ಲಿ ಹಳ್ಳ ಸೇರುತ್ತದೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ಖಾನಾಪುರವೇ ಮೊದಲ ಪಟ್ಟಣವೆಂಬುದನ್ನು ಮರೆಯುವಂತಿಲ್ಲ.

ಕಾನೂನು ಇಲ್ಲವೆಂದಲ್ಲ. ಅಲ್ಮಿತ್ರಾ ಪಟೇಲ್ ಅವರ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಡಿಸೆಂಬರಿನಲ್ಲಿ ಬಯಲಲ್ಲಿ ಕಸ ಸುಡುವುದನ್ನು ನಿಷೇಧಿಸಿ, 5,000 ರೂಪಾಯಿ, ದೊಡ್ಡ ರಾಶಿಗೆ 25,000 ರೂಪಾಯಿ ದಂಡ ಗೊತ್ತುಮಾಡಿತು. ಆದರೆ ಕಡ್ಡಿ ಗೀರುವವರು ಯಾರು? ಕಸದ ಗಾಡಿ ಬಾರದ ಓಣಿಯ ಪೌರಕಾರ್ಮಿಕ, ಗಾಡಿಯನ್ನೇ ಕಾಣದ ಹಳ್ಳಿಯ ಗೃಹಿಣಿ. ಅವರಿಂದ ದಂಡ ವಸೂಲಿ ಮಾಡುವುದು ನ್ಯಾಯವಲ್ಲ, ಹೇಡಿತನ. ಪೊಟ್ಟಣವನ್ನು ಮಾರುಕಟ್ಟೆಗೆ ತಂದವನೇ ಅದನ್ನು ಮರಳಿ ಸಂಗ್ರಹಿಸಬೇಕೆಂದು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳು ಹೇಳುತ್ತವೆ. ಖಾನಾಪುರದ ಕಾಡಂಚಿನ ಹಳ್ಳಿಗೆ ಚಿಪ್ಸ್ ತಲುಪಿಸಲು ವಾಹನವಿದೆ. ಖಾಲಿ ಪೊಟ್ಟಣ ಹೊತ್ತೊಯ್ಯಲು ಮಾತ್ರ ರಸ್ತೆ ಸರಿಯಿಲ್ಲವಂತೆ!

ಮುಂದಿನ ಗ್ರಾಮಸಭೆಯಲ್ಲಿ ಈ ಪ್ರಶ್ನೆಯನ್ನೇ ನಡಾವಳಿಯಲ್ಲಿ ಬರೆಸಬೇಕು. ಅಲ್ಲಿಯತನಕ ಮುರಿದ ಪೈಪಿನ ತುಂಡು ಬಚ್ಚಲೊಲೆಗೆ ಬೀಳದೆ ಚೀಲದಲ್ಲಿ, ಒಣಗಿದ ಜಾಗದಲ್ಲಿ ಕಾಯಲಿ.