ಎರೆಹೊಲದ ಚಿಗರಿ, ಕೆನಡಾದ ಮೂಸ್

ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ಅಲ್ಗೊಂಕ್ವಿನ್ ಎಂಬ ವಿಶಾಲವಾದ ಅರಣ್ಯ ಉದ್ಯಾನವಿದೆ. ಅದರೊಳಗೆ ಹಾದುಹೋಗುವ 60ನೇ ಹೆದ್ದಾರಿಯ ಪಕ್ಕದ ತಗ್ಗುಗಳಲ್ಲಿ ಮೇ, ಜೂನ್ ತಿಂಗಳಲ್ಲಿ ಮೂಸ್‌ಗಳು ನೀರು ಕುಡಿಯಲು ಬಂದು ನಿಲ್ಲುತ್ತವೆ. ಚಳಿಗಾಲದಲ್ಲಿ ರಸ್ತೆಯ ಹಿಮ ಕರಗಿಸಲು ಸುರಿದ ಉಪ್ಪು ಆ ತಗ್ಗುಗಳಿಗೆ ಇಳಿದಿರುತ್ತದೆ. ತಿಂಗಳುಗಟ್ಟಲೆ ಒಣ ಕಡ್ಡಿ ಮೇದು ಉಪ್ಪಿಗೆ ಹಂಬಲಿಸಿದ ಪ್ರಾಣಿ ಮನುಷ್ಯರ ಭಯ ಮರೆತು ರಸ್ತೆಯಂಚಿಗೆ ಬರುತ್ತದೆ. ಟೊರಾಂಟೊದಲ್ಲಿರುವ ನಮ್ಮ ಕಡೆಯ ಮಕ್ಕಳು ಕಾರು ನಿಲ್ಲಿಸಿ ತೆಗೆದ ಅಂಥದೊಂದು ವಿಡಿಯೊ ಈಚೆಗೆ ಯಾದಗಿರಿ ಜಿಲ್ಲೆಯ ಸುರಪುರದ ಮನೆಯೊಂದಕ್ಕೆ ಬಂದಿತ್ತು. ಅದನ್ನು ನೋಡಿದ ಆ ಮನೆಯ ಅಜ್ಜಿ ಕೇಳಿದರು: “ಇದು ಎಮ್ಮಿನೋ ಚಿಗರಿನೋ? ನಮ್ಮ ಬಿಸಲಿಗೆ ತಡೀತದೇನು?”

ಒಂದು ಪ್ರಾಣಿಯ ಬಗ್ಗೆ ಮೊದಲು ಕೇಳಬೇಕಾದ ಪ್ರಶ್ನೆಯನ್ನೇ ಅಜ್ಜಿ ಕೇಳಿದ್ದರು. ಮೂಸ್ ಜಿಂಕೆಯ ಕುಲದ್ದೇ, ಆ ಕುಲದಲ್ಲೆಲ್ಲ ಅತಿ ದೊಡ್ಡದು. ಅಲಾಸ್ಕಾದ ಗಂಡು ಮೂಸ್ 600 ಕಿಲೊ ದಾಟುತ್ತದೆ, ಭುಜದವರೆಗೇ ಎರಡು ಮೀಟರ್ ಎತ್ತರ. ಆದರೆ ಬೇಸಿಗೆಯಲ್ಲಿ ಉಷ್ಣಾಂಶ 14 ಡಿಗ್ರಿ ದಾಟಿತೆಂದರೆ ಅದಕ್ಕೆ ಸೆಕೆ ಶುರು. 20 ದಾಟಿದರೆ ಬಾಯಿ ತೆರೆದು ಏದುಸಿರು ಬಿಡುತ್ತದೆ. ಮೇ ತಿಂಗಳಲ್ಲಿ 42 ಡಿಗ್ರಿ ಕಾಣುವ ಯಾದಗಿರಿಯಲ್ಲಿ ಅದು ಬದುಕುವುದಿಲ್ಲ. ತಣ್ಣನೆಯ ಊರಲ್ಲೂ ಅದನ್ನು ಬೇಲಿಯೊಳಗೆ ಸಾಕುವುದು ಬಹಳ ಕಷ್ಟವಾಗಿತ್ತು. ಅದು ಎಲೆ, ಚಿಗುರು, ಎಳೆ ಕಡ್ಡಿ ತಿನ್ನುವ ಪ್ರಾಣಿ. ಒಣಹುಲ್ಲು ಹಾಕಿ ಸಾಕಿದ ಕಡೆಗಳಲ್ಲೆಲ್ಲ ಹೊಟ್ಟೆ ಕೆಟ್ಟು, ಬಡಕಲಾಗಿ ಸಾಯುತ್ತಿತ್ತು. ಅಲಾಸ್ಕಾದ ಕೆನಾಯ್‌ನಲ್ಲಿರುವ ಮೂಸ್ ಸಂಶೋಧನಾ ಕೇಂದ್ರದವರು 1980ರ ದಶಕದಲ್ಲಿ ಆಸ್ಪೆನ್ ಮರದ ಹೊಟ್ಟು ಬೆರೆಸಿದ ಮೇವು ತಯಾರಿಸಿದ ಮೇಲೆ ಪರಿಸ್ಥಿತಿ ಸುಧಾರಿಸಿತು. ಪ್ರಾಣಿಯನ್ನು ಬೇಲಿಯೊಳಗೆ ತಂದವರು ಕೊನೆಗೆ ಅದರ ಕಾಡಿನ ಮರವನ್ನೂ ಪುಡಿ ಮಾಡಿ ತರಬೇಕಾಯಿತು.

ಇಷ್ಟೆಲ್ಲ ಹೇಳಲು ಕಾರಣವಿದೆ. ದೊಡ್ಡ ಪ್ರಾಣಿಯನ್ನು ಹತ್ತಿರದಿಂದ ನೋಡುವ ಆಸೆ ನಮ್ಮ ಮಕ್ಕಳಿಗೂ ಇದೆ. ಶಾಲೆಯ ಪ್ರವಾಸವೆಂದರೆ ಬಸ್ಸು ಹತ್ತಿ ಮೈಸೂರಿಗೆ ಹೋಗಿ, 1892ರ ಆ ಹಳೆಯ ಮೃಗಾಲಯ ನೋಡಿ ಬರುವುದು. ಹೋಗಿಬರಲಿ, ತಪ್ಪೇನಿಲ್ಲ. ಆದರೆ ತಮ್ಮ ಕಾಲ ಕೆಳಗಿನ ನೆಲ ಯಾವ ಯಾವ ಪ್ರಾಣಿಗಳನ್ನು ಸಾಕಿತ್ತೆಂದು ಸುರಪುರ, ಶಹಾಪುರದ ಮಕ್ಕಳಿಗೆ ಯಾರೂ ಹೇಳುವುದಿಲ್ಲ. ಇದು ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ.

ಇದೇ ಸೀಮೆಯ ಹುಣಸಗಿ ಮತ್ತು ಬೈಚಬಾಳದ ಕಣಿವೆಗಳು ಜಗತ್ತಿನ ಪ್ರಾಗಿತಿಹಾಸದ ಪುಸ್ತಕಗಳಲ್ಲಿವೆ. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯ ತಮ್ಮ ಆಯುಷ್ಯದ ಬಹುಭಾಗವನ್ನು ಈ ಕಣಿವೆಗಳಲ್ಲಿ ನಡೆದಾಡುತ್ತ ಕಳೆದರು. ಅವರೂ ಸಂಗಡಿಗರೂ 1990ರ ದಶಕದ ಕೊನೆಗೆ ಇಸಾಂಪುರದಲ್ಲಿ ಅಗೆದಾಗ ಆದಿಮಾನವರು ಸುಣ್ಣಗಲ್ಲಿನ ಹಾಸು ಒಡೆದು ಕೈಗೊಡಲಿ ಮಾಡುತ್ತಿದ್ದ ಜಾಗವೇ ಸಿಕ್ಕಿತು. ಅಲ್ಲಿ ದೊರೆತ ಪ್ರಾಣಿಗಳ ಹಲ್ಲಿನ ಮೇಲ್ಪದರ ಪರೀಕ್ಷಿಸಿ ಕಾಲ ಕಟ್ಟಿದರು: ಸುಮಾರು 12 ಲಕ್ಷ ವರ್ಷ. ಕಲ್ಲಿಗೆ ತನ್ನ ವಯಸ್ಸು ಹೇಳಲು ಬರಲಿಲ್ಲ, ಅದನ್ನು ಹೇಳಿದ್ದು ಮೇಯುತ್ತಿದ್ದ ಪ್ರಾಣಿಯ ಹಲ್ಲು. ಅದಕ್ಕೂ ಮೊದಲು, 1990ರಲ್ಲಿ, ಇದೇ ಸೀಮೆಯ ಸದಬದ ಆನೆಯ ಹಲ್ಲು ಮತ್ತು ತೆಗ್ಗಿಹಳ್ಳಿಯ ಕಾಡುದನದ ಹಲ್ಲು ಯುರೇನಿಯಂ–ಥೋರಿಯಂ ಪರೀಕ್ಷೆಯಲ್ಲಿ ಮೂರು ಲಕ್ಷ ವರ್ಷಕ್ಕೆ ಹತ್ತಿರ ಬಂದಿದ್ದವು. ಈ ಕಣಿವೆಗಳಲ್ಲಿ ಕಾಡುಕುದುರೆಯ ಅವಶೇಷವೂ ಸಿಕ್ಕಿದೆ. ಇವತ್ತು ಹತ್ತಿ, ತೊಗರಿ ಬೆಳೆಯುವ ಹೊಲಗಳಲ್ಲಿ ಒಂದು ಕಾಲಕ್ಕೆ ಆನೆ ಮೇದಿತ್ತು. ಇಲ್ಲಿಯದೇ ಬೂದಿಹಾಳದ ಬೂದಿದಿಬ್ಬದ ಕಾಲಕ್ಕೆ ಬಂದರೆ ಆ ಕಾಡು ಹಿಂಡುಗಳ ಜಾಗದಲ್ಲಿ ಸಾಕಿದ ದನಗಳಿವೆ. ನಾಲ್ಕು ಸಾವಿರ ವರ್ಷದ ಹಿಂದಿನ ದನಗಾಹಿಗಳು ಮಾಂಸ ಕೊಯ್ಯುತ್ತಿದ್ದ ನೆಲವೇ ಅಲ್ಲಿ ಪದ್ದಯ್ಯನವರಿಗೆ ಸಿಕ್ಕಿತ್ತು.

ಆ ಮೇಯುವ ಹಿಂಡುಗಳ ಸಾಲಿನಲ್ಲಿ ನಮಗೆ ಉಳಿದಿರುವುದು ಚಿಗರಿ, ಅಂದರೆ ಕೃಷ್ಣಮೃಗ. ಕೃಷ್ಣಾ–ಭೀಮಾ ನಡುವಿನ ಎರೆಹೊಲಗಳಲ್ಲಿ, ಸೈದಾಪುರದ ಕಡೆ, ಗಡಿಯಾಚೆ ತೆಲಂಗಾಣದ ನಾರಾಯಣಪೇಟೆಯಲ್ಲಿ ಅದರ ಹಿಂಡುಗಳಿವೆ. ಗಂಡಿನ ತೂಕ ಸಾಮಾನ್ಯವಾಗಿ 40 ಕಿಲೊ ಆಸುಪಾಸು. ಒಂದು ಮೂಸ್‌ಗೆ ಹದಿನೈದು ಚಿಗರಿ ಬೇಕು. ಮೂಸ್‌ನ ಕೊಂಬು ವರ್ಷವರ್ಷ ಉದುರಿ ಮತ್ತೆ ಬೆಳೆಯುತ್ತದೆ. ಚಿಗರಿಯ ತಿರುಚಿದ ಕೊಂಬು ಒಮ್ಮೆ ಮೂಡಿದರೆ ಸಾಯುವವರೆಗೆ ಅದೇ. ಅದರ ಓಟವನ್ನು ತಿದ್ದಿದ್ದು ಚೀತಾ ಎನ್ನುತ್ತಾರೆ ಪ್ರಾಣಿಶಾಸ್ತ್ರಜ್ಞರು. ಚೀತಾ ಈ ದೇಶದಲ್ಲಿ ಅಳಿದುಹೋಯಿತೆಂದು 1952ರಲ್ಲಿ ಸಾರಿದರು, ಚಿಗರಿ ಮಾತ್ರ ಇನ್ನೂ ಅದೇ ವೇಗದಲ್ಲಿ ಓಡುತ್ತಿದೆ. ಅದರ ರಕ್ಷಣೆ ಇರುವುದು ಕಣ್ಣಲ್ಲಿ ಮತ್ತು ಕಾಲಲ್ಲಿ. ಬಯಲು ಬೇಕು, ದೂರದವರೆಗೆ ಕಾಣಬೇಕು. ನಾವು ಹತ್ತಿರ ಹೋದಷ್ಟೂ ಅದು ದೂರ ಹೋಗುತ್ತದೆ, ಹೋಗಲೇಬೇಕು. ಚಿಗರಿಯನ್ನು ಸರಿಯಾಗಿ ನೋಡಬೇಕೆಂದವರು ಬದುವಿನ ಮೇಲೆ ಸುಮ್ಮನೆ ಕೂತು, ದುರ್ಬೀನಿನಿಂದ ನೋಡಬೇಕು.

ಬಯಲೇ ಈಗ ಕಡಿಮೆಯಾಗುತ್ತಿದೆ. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿದು ಎಡದಂಡೆ ಕಾಲುವೆ ಹರಿದ ಮೇಲೆ ಸುರಪುರ, ಶಹಾಪುರದ ಒಣಭೂಮಿ ಗದ್ದೆಯಾಯಿತು. ಗುಳೆ ಹೋಗುತ್ತಿದ್ದ ಜನಕ್ಕೆ ಅನ್ನ ಸಿಕ್ಕಿತು; ಆ ನೀರನ್ನು ಬೇಡವೆನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ಊರ ದನಕುರಿ ಮೇಯುವ ಗಾಯರಾಣಗಳೂ ಒತ್ತುವರಿಯಾದವು. ಮೇವು ಕಾಣದ ಚಿಗರಿ ಹೆಸರು, ಹತ್ತಿಯ ಮೊಳಕೆಗೆ ಬಾಯಿ ಹಾಕಿತು. ಬಿತ್ತಿದ ಹೊಲ ಒಂದೇ ರಾತ್ರಿಗೆ ಬೋಳಾದ ರೈತನ ಸಿಟ್ಟು ನ್ಯಾಯವಾದದ್ದು. 1972ರ ವನ್ಯಜೀವಿ ಕಾಯ್ದೆ ಚಿಗರಿಯನ್ನು ಕಾಪಾಡುತ್ತದೆ, ಅದರ ಊಟದ ಖರ್ಚನ್ನು ಮಾತ್ರ ಸಣ್ಣ ಹಿಡುವಳಿದಾರನ ತಲೆಗೆ ಕಟ್ಟುತ್ತದೆ. ಬೆಳೆಹಾನಿಯ ಪರಿಹಾರ ಮುಂದಿನ ಬಿತ್ತನೆಗೆ ಮೊದಲು ಅವನ ಕೈಸೇರಬೇಕು.

ಉದ್ಯಾನ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಳ್ಳಬಾರದು. ರಾಣೆಬೆನ್ನೂರಿನಲ್ಲಿ 1974ರಿಂದ ಚಿಗರಿಗೆಂದೇ 119 ಚದರ ಕಿಲೊಮೀಟರಿನ ಅಭಯಾರಣ್ಯವಿದೆ, ಆದರೆ ಅದರ ಬಹುಭಾಗ ನೀಲಗಿರಿ ನೆಡುತೋಪು. ಬಯಲ ಪ್ರಾಣಿಗೆ ಮರ ನೆಟ್ಟು ಉಪಕಾರ ಮಾಡಲಾಗದು. ನಮ್ಮಲ್ಲಿ ಬೇಕಿರುವುದು ಗಾಯರಾಣವನ್ನು ಹುಲ್ಲಾಗಿಯೇ ಬಿಡುವುದು. ಕುರಿಗಾರರಿಗೂ ಅದೇ ಬೇಕು, ಚಿಗರಿಗೂ ಅದೇ ಬೇಕು.

ಸುರಪುರದ ಬೋನಾಳ ಕೆರೆ ನಮ್ಮ ಪಕ್ಷಿಧಾಮ. ಅದು ಉಳಿದಿರುವುದು ಕೆರೆ ಕೆರೆಯಾಗಿಯೇ ಇರುವುದರಿಂದ. 1841ರಲ್ಲಿ ಸುರಪುರಕ್ಕೆ ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಬೋನಾಳವನ್ನು ನೆನೆಯುತ್ತಾನೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳಿಗೆ ಅಲ್ಲಿ ಯಾರೂ ಬೇಲಿ ಕಟ್ಟಿಲ್ಲ.

ಯಾದಗಿರಿ ಜಿಲ್ಲೆಯ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನದೊಂದು ವಿನಂತಿ. ಈ ಸಲದ ಪ್ರವಾಸದಲ್ಲಿ ಒಂದು ದಿನ ನಮ್ಮದೇ ಸೀಮೆಗೆ ಮೀಸಲಿಡಿ. ಬೆಳಿಗ್ಗೆ ಬೋನಾಳ, ಮಧ್ಯಾಹ್ನ ಇಸಾಂಪುರ, ಬೂದಿಹಾಳ. ಇಸಾಂಪುರದಲ್ಲಿ ಕಲ್ಲು ಹೆಕ್ಕಿ ಜೇಬಿಗೆ ಹಾಕಿಕೊಳ್ಳಬಾರದೆಂದು ಮಕ್ಕಳಿಗೆ ಮೊದಲೇ ಹೇಳಿಡಿ. ಜಿಲ್ಲಾಡಳಿತ ಹುಣಸಗಿಯಲ್ಲಿ ಚಿಕ್ಕದಾದರೂ ಒಂದು ವಸ್ತುಸಂಗ್ರಹಾಲಯ ಕಟ್ಟಲಿ. ಅಲ್ಲಿಗೆ ಮೊದಲು ಬರಬೇಕಾದದ್ದು ಸದಬದ ಆ ಆನೆಯ ಹಲ್ಲು.