ಸೈರನ್ ‘ಗೋ ಆಫ್’ ಆಯಿತು: ಕೂಗಿತೋ, ನಿಂತಿತೋ?

ಒಂಬತ್ತನೆಯ ತರಗತಿಯ ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ. ಪ್ರಯೋಗಶಾಲೆಯ ಸುರಕ್ಷಾ ನಿಯಮಗಳನ್ನು ಇಂಗ್ಲಿಷಿನಲ್ಲಿ ಕೊಟ್ಟು, ಅವುಗಳ ಅರ್ಥವನ್ನು ಕನ್ನಡದಲ್ಲಿ ಬರೆಯಿರಿ ಎಂದು ಕೇಳಿದ್ದೆ. ಒಂದು ನಿಯಮ ಹೀಗಿತ್ತು: ‘ವೆನ್ ದಿ ಅಲಾರಂ ಗೋಸ್ ಆಫ್, ಲೀವ್ ದಿ ರೂಮ್ ಅಟ್ ಒನ್ಸ್.’ ಭದ್ರಾವತಿಯಿಂದ ದಿನವೂ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದು ಓದುವ ಹುಡುಗನೊಬ್ಬ ದುಂಡಗಿನ ಅಕ್ಷರಗಳಲ್ಲಿ ಬರೆದಿದ್ದ: ‘ಸೈರನ್ ನಿಂತ ಕೂಡಲೇ ಕೊಠಡಿಯಿಂದ ಹೊರಗೆ ಹೋಗಬೇಕು.’

ಮರುದಿನ ಅವನನ್ನು ಕರೆದು ಕೇಳಿದೆ, “ಯಾಕಪ್ಪಾ ಹೀಗೆ ಬರೆದೆ?”

“ಸಾರ್, ಲೈಟ್ ಆಫ್ ಅಂದ್ರೆ ಲೈಟ್ ಆರೋದು. ಫ್ಯಾನ್ ಆಫ್ ಅಂದ್ರೆ ಫ್ಯಾನ್ ನಿಲ್ಲೋದು. ಹಂಗಾದ್ರೆ ಅಲಾರಂ ಆಫ್ ಅಂದ್ರೆ ಅಲಾರಂ ನಿಲ್ಲೋದೇ ಅಲ್ವಾ?”

ಹುಡುಗನ ತರ್ಕದಲ್ಲಿ ಲೋಪ ಹುಡುಕುವುದು ಕಷ್ಟ. ಆದರೆ ಯೋಚಿಸಿ ನೋಡಿ. ಎಲ್ಲೋ ಬೆಂಕಿ ಬಿದ್ದಿದೆ, ಗಂಟೆ ಬಡಿದುಕೊಳ್ಳುತ್ತಿದೆ. ಈತ ಮಾತ್ರ ಗಂಟೆ ನಿಲ್ಲಲಿ ಎಂದು ಒಳಗೇ ಕಾಯುತ್ತಾ ಕುಳಿತಿದ್ದಾನೆ! ಕಳೆದುಕೊಂಡ ಅಂಕವನ್ನು ಮುಂದಿನ ಪರೀಕ್ಷೆಯಲ್ಲಿ ಗಳಿಸಬಹುದು. ಇಲ್ಲಿ ಕಳೆದುಕೊಳ್ಳುವುದನ್ನು ಮರಳಿ ಗಳಿಸಲಾಗದು. ನಾನು ಇಂಗ್ಲಿಷ್ ಮೇಷ್ಟ್ರಲ್ಲ, ವಿಜ್ಞಾನದ ಮೇಷ್ಟ್ರು. ಆದರೂ ಈ ವಾರದ ಅಂಕಣವನ್ನು ‘ಗೋ ಆಫ್’ ಎಂಬ ಎರಡು ಪುಟ್ಟ ಪದಗಳಿಗೇ ಮೀಸಲಿಡಬೇಕೆನಿಸಿತು.

‘ಗೋ’ ಎಂದರೆ ಹೋಗು. ‘ಆಫ್’ ಎಂದರೆ ಸ್ಥೂಲವಾಗಿ, ಇದ್ದ ಕಡೆಯಿಂದ ಬೇರ್ಪಡುವುದು. ಎರಡೂ ಜೊತೆಯಾದಾಗ ಹುಟ್ಟುವ ಅರ್ಥ ಒಂದಲ್ಲ, ಹಲವು. ಇಂತಹ ಜೋಡಿಗಳಿಗೆ ಇಂಗ್ಲಿಷ್ ವ್ಯಾಕರಣದಲ್ಲಿ ‘ಫ್ರೇಸಲ್ ವರ್ಬ್’ ಎಂದು ಹೆಸರು.

ಮೊದಲನೆಯದು, ಹುಡುಗ ಹೇಳಿದ ಅರ್ಥ. ‘ದಿ ಲೈಟ್ಸ್ ವೆಂಟ್ ಆಫ್’ ಎಂದರೆ ದೀಪಗಳು ಆರಿದವು. ಮಲೆನಾಡಿನ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ಕರೆಂಟ್ ಹೋದಾಗ ಈ ವಾಕ್ಯ ಸರಿಯಾಗಿಯೇ ಇದೆ. ಇಲ್ಲಿ ನಡೆಯುತ್ತಿದ್ದದ್ದು ನಿಂತಿತು.

ಎರಡನೆಯದು ಇದಕ್ಕೆ ತದ್ವಿರುದ್ಧ. ‘ದಿ ಸೈರನ್ ವೆಂಟ್ ಆಫ್’ ಎಂದರೆ ಸೈರನ್ ಕೂಗಿತು. ‘ದಿ ಬಾಂಬ್ ವೆಂಟ್ ಆಫ್’ ಎಂದರೆ ಬಾಂಬ್ ಸಿಡಿಯಿತು. ‘ದಿ ಗನ್ ವೆಂಟ್ ಆಫ್’ ಎಂದರೆ ಗುಂಡು ಹಾರಿತು. ಇಲ್ಲಿ ಸುಮ್ಮನಿದ್ದದ್ದು ಶುರುವಾಯಿತು!

ಒಂದೇ ಪದಕ್ಕೆ ಎರಡು ವಿರುದ್ಧ ಅರ್ಥ ಹೇಗೆ ಬಂತು? ನೆನಪಿಟ್ಟುಕೊಳ್ಳಲು ಒಂದು ಉಪಾಯವಿದೆ. ಕೀಲಿ ಕೊಡುವ ಹಳೆಯ ಅಲಾರಂ ಗಡಿಯಾರವನ್ನು ಎಣಿಸಿಕೊಳ್ಳಿ. ಸುತ್ತಿದ ಸ್ಪ್ರಿಂಗಿನಲ್ಲಿ ಶಕ್ತಿ ತುಂಬಿರುತ್ತದೆ. ಒಂದು ಸಣ್ಣ ಕೊಂಡಿ ಅದನ್ನು ತಡೆದು ಹಿಡಿದಿರುತ್ತದೆ. ಹೊತ್ತಿಗೆ ಸರಿಯಾಗಿ ಕೊಂಡಿ ಬಿಟ್ಟುಕೊಳ್ಳುತ್ತದೆ, ಗಂಟೆ ಬಾರಿಸುತ್ತದೆ. ಬಂದೂಕಿನ ಕುದುರೆಯದೂ ಇದೇ ಕಥೆ. ಪಟಾಕಿಯ ಮದ್ದಿನಲ್ಲಿ ಅಡಗಿರುವುದು ರಾಸಾಯನಿಕ ಶಕ್ತಿ. ಅದನ್ನು ಬಿಡಿಸುವುದು ಕಿಡಿ. ಹೀಗೆ ಕಟ್ಟಿಹಾಕಿದ್ದ ಶಕ್ತಿ ಬಿಟ್ಟುಹೋದರೆ ಸಿಡಿತ ಅಥವಾ ಸದ್ದು. ಹರಿದುಬರುತ್ತಿದ್ದ ಶಕ್ತಿ ಬಿಟ್ಟುಹೋದರೆ ಕತ್ತಲೆ. ಎರಡರಲ್ಲೂ ‘ಬಿಟ್ಟುಹೋಗುವುದು’ ಇದ್ದೇ ಇದೆ.

ಈ ಎರಡನೆಯ ಅರ್ಥವನ್ನು ನಮ್ಮ ಜಿಲ್ಲೆಯವರು ಒಂದು ರಾತ್ರಿ ಕಿವಿಯಾರೆ ಕೇಳಿದ್ದಾರೆ. 2021ರ ಜನವರಿ 21ರಂದು ರಾತ್ರಿ ಹತ್ತು ಗಂಟೆ ದಾಟಿತ್ತು. ಶಿವಮೊಗ್ಗದ ಸಮೀಪದ ಹುಣಸೋಡಿನ ಕಲ್ಲುಗಣಿ ಪ್ರದೇಶದಲ್ಲಿ ಲಾರಿಯಲ್ಲಿದ್ದ ಸ್ಫೋಟಕಗಳು ಸಿಡಿದು ಜೀವಹಾನಿಯಾಯಿತು. ಮನೆಗಳ ಕಿಟಕಿ ಗಾಜುಗಳು ಒಡೆದವು. ಭೂಕಂಪವೆಂದು ಬೆದರಿ ಜನ ಬೀದಿಗೆ ಓಡಿಬಂದರು. ನೆರೆಯ ಜಿಲ್ಲೆಗಳಿಗೂ ಸದ್ದು ಮುಟ್ಟಿತು. ಈ ಘಟನೆಯನ್ನು ಇಂಗ್ಲಿಷಿನಲ್ಲಿ ಹೇಳುವುದಾದರೆ ‘ದಿ ಎಕ್ಸ್‌ಪ್ಲೋಸಿವ್ಸ್ ವೆಂಟ್ ಆಫ್’ ಎಂದರೆ ಸಾಕು. ‘ಆಫ್’ ಎಂದರೆ ಆರಿತು ಎಂದಷ್ಟೇ ಕಲಿತವನಿಗೆ ಸ್ಫೋಟಕ ತಣ್ಣಗಾಯಿತು ಎಂದು ಅರ್ಥವಾದೀತು!

ದೀಪಾವಳಿಯ ಮಾತೂ ಹೀಗೆಯೇ. ‘ದಿ ಕ್ರ್ಯಾಕರ್ ಡಿಡ್ ನಾಟ್ ಗೋ ಆಫ್’ ಎಂದರೆ ಪಟಾಕಿ ಠುಸ್ಸಾಯಿತು ಎಂದರ್ಥ. ‘ಇಫ್ ಇಟ್ ಡಸ್ ನಾಟ್ ಗೋ ಆಫ್, ಡು ನಾಟ್ ಗೋ ನಿಯರ್ ಇಟ್’ ಎಂಬ ಎಚ್ಚರಿಕೆ ಕಂಡರೆ, ಸಿಡಿಯದ ಪಟಾಕಿಯ ಹತ್ತಿರ ಹೋಗಬೇಡಿ ಎಂದು ತಿಳಿಯಬೇಕು. ಒಳಗೆ ಕಿಡಿ ಇನ್ನೂ ಜೀವಂತವಾಗಿರಬಹುದು.

ಮೂರನೆಯ ಅರ್ಥ ಅಡುಗೆಮನೆಯದು. ‘ದಿ ಮಿಲ್ಕ್ ಹ್ಯಾಸ್ ಗಾನ್ ಆಫ್’ ಎಂದರೆ ಹಾಲು ಕೆಟ್ಟಿದೆ. ಬೇಸಿಗೆಯಲ್ಲಿ ಹಾಲನ್ನು ಹೊರಗಿಟ್ಟು ಮರೆತರೆ ಬ್ಯಾಕ್ಟೀರಿಯಾಗಳು ಅದರ ಸಕ್ಕರೆಯಾದ ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತವೆ. ಆಮ್ಲ ಹೆಚ್ಚಿದ ಹಾಲನ್ನು ಕಾಯಿಸಿದರೆ ಕೇಸೀನ್ ಎಂಬ ಪ್ರೋಟೀನ್ ಗಂಟುಕಟ್ಟಿ ಹಾಲು ಒಡೆಯುತ್ತದೆ. ಅಮ್ಮ ಹೆಪ್ಪು ಹಾಕಿ ಮಾಡಿದ ಮೊಸರಿನಲ್ಲೂ ಇಂಥದೇ ಕ್ರಿಯೆ ನಡೆದಿದೆ. ಆದರೆ ಅದನ್ನು ‘ಗಾನ್ ಆಫ್’ ಎನ್ನುವಂತಿಲ್ಲ, ಏಕೆಂದರೆ ಅದು ನಮಗೆ ಬೇಕಾಗಿ ಆದದ್ದು. ಈ ಬಳಕೆ ಬ್ರಿಟಿಷರದು. ಅಮೆರಿಕದವರು ಸಾಮಾನ್ಯವಾಗಿ ‘ಗಾನ್ ಬ್ಯಾಡ್’ ಎನ್ನುತ್ತಾರೆ.

ಇನ್ನುಳಿದವು ಸುಲಭ. ‘ಹಿ ವೆಂಟ್ ಆಫ್ ಟು ಭದ್ರಾವತಿ’ ಎಂದರೆ ಭದ್ರಾವತಿಗೆ ಹೊರಟುಹೋದ. ‘ದಿ ಸ್ಕೂಲ್ ಡೇ ವೆಂಟ್ ಆಫ್ ವೆಲ್’ ಎಂದರೆ ಶಾಲಾ ವಾರ್ಷಿಕೋತ್ಸವ ಚೆನ್ನಾಗಿ ನಡೆಯಿತು. ‘ಐ ಹ್ಯಾವ್ ಗಾನ್ ಆಫ್ ಕಾಫಿ’ ಎಂದರೆ ನನಗೆ ಈಗ ಕಾಫಿ ಮೊದಲಿನಂತೆ ಸೇರುವುದಿಲ್ಲ.

ಒಂದು ತಪ್ಪನ್ನು ಮಾತ್ರ ಮಾಡಬೇಡಿ. ‘ಗೋ ಆಫ್’ ತಾನಾಗಿ ಆಗುವುದಕ್ಕೆ, ನಾವು ಮಾಡುವುದಕ್ಕಲ್ಲ. ‘ಐ ವೆಂಟ್ ಆಫ್ ದಿ ಲೈಟ್’ ಎಂದರೆ ದೀಪ ಆರಿಸಿದೆ ಎಂಬ ಅರ್ಥ ಬರುವುದಿಲ್ಲ. ‘ಐ ಸ್ವಿಚ್ಡ್ ಆಫ್ ದಿ ಲೈಟ್’ ಎನ್ನಬೇಕು. ‘ಆಫ್ ದಿ ಫ್ಯಾನ್’ ಎಂದು ನಾವೆಲ್ಲ ಹೇಳುವುದುಂಟು, ಮೇಷ್ಟ್ರುಗಳೂ ಹೇಳುತ್ತಾರೆ. ಅದೂ ತಪ್ಪೇ.

ಹಾಗಾದರೆ ಅರ್ಥವನ್ನು ಗುರುತಿಸುವುದು ಹೇಗೆ? ವಾಕ್ಯದ ಕರ್ತೃ ಯಾವುದೆಂದು ಮೊದಲು ನೋಡಿ. ಸೈರನ್, ಪಟಾಕಿ, ಬಂದೂಕು ಆದರೆ ಶುರುವಾಯಿತು. ದೀಪ, ಕರೆಂಟ್ ಆದರೆ ನಿಂತಿತು. ತಿನ್ನುವ ಕುಡಿಯುವ ಪದಾರ್ಥವಾದರೆ ಕೆಟ್ಟಿತು. ಕನ್ನಡದಲ್ಲಿ ನಾವು ಮಾಡುವುದೂ ಇದನ್ನೇ. ‘ಕರೆಂಟ್ ಹೋಯ್ತು’, ‘ಬಸ್ಸು ಹೋಯ್ತು’, ‘ಮಾನ ಹೋಯ್ತು’ ಎಂಬ ಮೂರು ‘ಹೋಯ್ತು’ಗಳನ್ನು ಯಾವ ಮಗುವೂ ನಿಘಂಟು ತೆರೆದು ಕಲಿಯಲಿಲ್ಲ.

ಇದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಹುಡುಗ ಮೆಲ್ಲಗೆ ಅಂದ: “ಸಾರ್, ನಮ್ಮೂರಲ್ಲಿ ಸೈರನ್ ನಿಂತಿದ್ದೇ ದೊಡ್ಡ ಸುದ್ದಿ.” ಅವನ ತಂದೆ ಭದ್ರಾವತಿಯ ಕಾಗದದ ಕಾರ್ಖಾನೆಯಲ್ಲಿದ್ದವರು. 1936ರಲ್ಲಿ ಸ್ಥಾಪನೆಯಾದ ಆ ಕಾರ್ಖಾನೆಯ ಯಂತ್ರಗಳು 2010ರ ದಶಕದ ನಡುವೆ ನಿಂತುಹೋದವು. ಕೂಗುವುದಕ್ಕಿಂತ ನಿಲ್ಲುವುದೇ ಆ ಮನೆಯಲ್ಲಿ ಮೊದಲು ನೆನಪಾಗುವ ಅರ್ಥ. ನಾನು ಮರುಮಾತಾಡಲಿಲ್ಲ. ಆದರೆ ಸರಿಯಾದ ಉತ್ತರವನ್ನು ಮಾತ್ರ ಮೂರು ಸಲ ಬರೆಸಿದೆ.

ಪಾಲಕರಲ್ಲಿ ಒಂದು ವಿನಂತಿ. ಔಷಧಿಯ ಚೀಟಿ, ಸ್ಟೌವಿನ ಕೈಪಿಡಿ, ಪಟಾಕಿಯ ಪೆಟ್ಟಿಗೆಗಳ ಮೇಲಿರುವ ಇಂಗ್ಲಿಷ್ ಸೂಚನೆಗಳನ್ನು ಮಕ್ಕಳಿಂದ ಓದಿಸಿ, ಕನ್ನಡದಲ್ಲಿ ಅರ್ಥ ಹೇಳಿಸಿ. ನಿಮಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ. ಹೇಳಿದ ಅರ್ಥ ಬುದ್ಧಿಗೆ ಒಪ್ಪುತ್ತದೆಯೇ ಎಂದು ನೀವು ಹೇಳಬಲ್ಲಿರಿ.

ವಿದ್ಯಾರ್ಥಿಗಳೇ, ಈ ಮೂರನ್ನು ಕನ್ನಡಿಸಿ: ‘ಮೈ ಅಲಾರಂ ಡಿಡ್ ನಾಟ್ ಗೋ ಆಫ್ ದಿಸ್ ಮಾರ್ನಿಂಗ್.’ ‘ದಿ ಫಿಶ್ ಹ್ಯಾಸ್ ಗಾನ್ ಆಫ್.’ ‘ದಿ ಪಂಪ್ ಗೋಸ್ ಆಫ್ ವೆನ್ ದಿ ಟ್ಯಾಂಕ್ ಈಸ್ ಫುಲ್.’ ಉತ್ತರ ಮುಂದಿನ ವಾರ.