ನಾಯಿ ಕೊರಳಿಗೆ ಭಾಷಾಭಿಮಾನ ಕಟ್ಟಬೇಡಿ

ಹೋದ ವರ್ಷ ನಮ್ಮ ವಾಚನಾಲಯದ ಜಗುಲಿ ಮೇಲೆ ಒಂದು ಜಗಳ ಆಯಿತು. ಕನ್ನಡ ಮನೆಮಾತಿನವರು ಮುಧೋಳ ನಾಯಿಯನ್ನೇ ಸಾಕಬೇಕು ಅಂತ ಒಬ್ಬ ಹುಡುಗ. ತಮಿಳುನಾಡಿನ ಅನ್ನ ತಿಂದು ರಾಜಪಾಳಯಂ ಬಿಟ್ಟು ಬೇರೆ ತರ್ತೀಯಾ ಅಂತ ಇನ್ನೊಬ್ಬ. ಇಬ್ಬರೂ ನಾಯಿ ಸಾಕಿದವರಲ್ಲ, ಇಬ್ಬರ ಕೈಲೂ ಇದ್ದದ್ದು ಮೊಬೈಲಿನ ಫೋಟೋ. ಏಳನೇ ಕ್ಲಾಸಿನವನ ಮಾತು ಯಾರು ಕೇಳ್ತಾರೆ ಅಂತ ನಾನು ಎದ್ದು ಬಂದೆ. ಈ ಪುಸ್ತಕಕ್ಕೆ ಏನಾದರೂ ಬರೀರಿ ಅಂತ ಮೇಷ್ಟ್ರು ಗಂಟುಬಿದ್ದಿದ್ದಾರೆ. ಅವತ್ತು ನುಂಗಿದ್ದನ್ನ ಇವತ್ತು ಹೇಳ್ತೀನಿ.

1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ನಮ್ಮ ಮಸಿನಗುಡಿ ಈ ಕಡೆ ಉಳೀತು. ಅದು ಮನುಷ್ಯರ ಲೆಕ್ಕ. ಅಂಚೆ ಇಲಾಖೆಯವರು 2005ರಲ್ಲಿ ನಮ್ಮ ದೇಶದ ನಾಯಿಗಳ ನಾಲ್ಕು ಅಂಚೆಚೀಟಿ ತಂದಾಗ ಮುಧೋಳ, ರಾಜಪಾಳಯಂ ಎರಡನ್ನೂ ಜೊತೇಲೇ ಹಾಕಿದರು. 2020ರ ಆಗಸ್ಟಿನಲ್ಲಿ ಪ್ರಧಾನಿಗಳು ರೇಡಿಯೋದಲ್ಲಿ ದೇಶೀ ನಾಯಿ ಸಾಕಿ ಅಂದಾಗಲೂ ಎರಡರ ಹೆಸರೂ ಬಂತು. ಜಗಳ ನಾಯಿಗಳ ನಡುವೆ ಇಲ್ಲ, ನಮ್ಮ ತಲೇಲಿದೆ. ಎತ್ತು ತರೋವಾಗ ಹೊಲದ ಮಣ್ಣು ನೋಡ್ತೀವಿ, ಸುಳಿ ನೋಡ್ತೀವಿ. ಅದು ಯಾವ ಭಾಷೆ ಊರಿನದು ಅಂತ ಯಾರಾದರೂ ಕೇಳ್ತಾರಾ?

ಮುಧೋಳವನ್ನ ನಾನು ಹಳಿಯೋದಿಲ್ಲ. ಬಾಗಲಕೋಟೆ ಜಿಲ್ಲೆಯ ಬಯಲುನಾಡಿನ ಜೀವ ಅದು. ಮುಧೋಳದ ಅರಸು ಮಾಲೋಜಿರಾವ್ ಘೋರ್ಪಡೆ ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟಿದ್ದರು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದವರು ಈ ತಳಿಗೇ ಅಂತ ಒಂದು ಕೇಂದ್ರ ಇಟ್ಟಿದ್ದಾರೆ. 2016ರಲ್ಲಿ ಅಲ್ಲಿನ ಮರಿಗಳನ್ನ ಪರೀಕ್ಷೆಗೆ ಅಂತ ಸೈನ್ಯದವರು ಮೀರತ್ತಿಗೆ ಒಯ್ದರು. ಉದ್ದ ಮೂತಿ, ಆಳದ ಎದೆ, ಬೆನ್ನಿಗೆ ಅಂಟಿದ ಹೊಟ್ಟೆ, ಓಡಾಕೆ ಅಂತಲೇ ಮಾಡಿದ ದೇಹ. ಮೂಸಿ ಹುಡುಕೋದಕ್ಕಿಂತ ಕಣ್ಣಿಂದ ಕಂಡು ಅಟ್ಟೋದು ಅದರ ಗುಣ. ದೂರದಲ್ಲಿ ಏನಾದರೂ ಅಲ್ಲಾಡಿದರೆ ಸಾಕು, ಯಜಮಾನ ಕೂಗಿದ್ದು ಕಿವಿಗೆ ಹೋಗೋದಿಲ್ಲ.

ಈಗ ನಮ್ಮ ಊರು ನೋಡಿ. ಮನೆ ಹಿತ್ತಿಲು ದಾಟಿದರೆ ಕಾಡು. ಸಂಜೆ ಆದರೆ ಜಿಂಕೆ ಹಿಂಡು ಬಾಗಿಲಿಗೇ ಬರ್ತವೆ. ಇಂಥ ಕಡೆ ಮುಧೋಳ ತಂದ ಮೊದಲ ಬುದ್ಧಿವಂತ ನಾನೇ.

ಬೆಂಗಳೂರಲ್ಲಿ ಕೆಲಸಕ್ಕಿರೋ ಮಗ ಮರಿ ತಂದುಕೊಟ್ಟ. ಗಾಳಿ ಅಂತ ಹೆಸರಿಟ್ಟೆ. ಕನ್ನಡದ ನಾಯಿ ಅಂತ ಎಷ್ಟು ಜಂಬ ನನಗೆ! ಒಂದೂವರೆ ವರ್ಷಕ್ಕೆ ಜಿಂಕೆ ಮರಿ ಅಟ್ಟೋದು ಕಲಿತ. ಫಾರೆಸ್ಟ್ ವಾಚರ್ ಬಂದು, "ಮಾವ, ಕಟ್ಟಿ ಹಾಕು, ಕೇಸಾಯ್ತದೆ" ಅಂದ. ಸುಳ್ಳಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಪ್ರಕಾರ ಕೊಂದರೆ ಮಾತ್ರ ಬೇಟೆ ಅಲ್ಲ, ಅಟ್ಟಿಸೋದೂ ಬೇಟೆಯೇ. ಕಟ್ಟಿ ಹಾಕಿದೆ. ಓಡಾಕೆ ಹುಟ್ಟಿದ್ದು, ಕಟ್ಟಿದ ಜಾಗದಲ್ಲೇ ಸುತ್ತಿ ಸುತ್ತಿ ಕೊರಳು ಗಾಯ ಮಾಡಿಕೊಂಡಿತು. ನೋಡಲಾರದೆ ಒಂದು ಸಂಜೆ ಬಿಚ್ಚಿದೆ. ಹಳ್ಳದ ಆಚೆ ಜಿಂಕೆ ಇತ್ತು. ಮೂರನೇ ದಿನ ದನ ಕಾಯೋ ಹುಡುಗರು ಕೊರಳಪಟ್ಟಿ ತಂದುಕೊಟ್ಟರು. ಚಿರತೆಯೋ, ಯಾರಾದರೂ ಒಡ್ಡಿದ ಉರುಲೋ ತಿಳೀಲಿಲ್ಲ. ತಪ್ಪು ಗಾಳಿಯದಲ್ಲ, ಮುಧೋಳದ್ದೂ ಅಲ್ಲ. ಮನೆಗೆ ಒಪ್ಪದ್ದನ್ನ ಜಂಬಕ್ಕೆ ತಂದವನದು.

ಹಾಗಾದರೆ ರಾಜಪಾಳಯಂ ಎಲ್ಲರಿಗೂ ಒಪ್ಪುತ್ತಾ? ಅದೂ ಇಲ್ಲ. ವಿರುದುನಗರ ಜಿಲ್ಲೆಯದು, ಹಾಲಿನಂಥ ಬಿಳಿ, ಮೂಗು ನಸುಗೆಂಪು, ಮುಧೋಳಕ್ಕಿಂತ ಗಟ್ಟಿ ಮೈ. ಹಿಂದೆ ಹಂದಿ ಬೇಟೆಗೆ ಸಾಕುತ್ತಿದ್ದದ್ದು, ಅದಕ್ಕೂ ಅಟ್ಟೋ ಬುದ್ಧಿ ಇದೆ. ಆದರೆ ನಾನು ಕಂಡ ಹಾಗೆ, ಮರಿಯಿಂದ ತಿದ್ದಿದರೆ ಮನೆ ಸುತ್ತಲೇ ನಿಲ್ಲುತ್ತೆ. ಒಬ್ಬರನ್ನ ಯಜಮಾನ ಅಂತ ಒಪ್ಪಿದರೆ ಮುಗೀತು, ಹೊರಗಿನವರನ್ನ ಹತ್ತಿರ ಸೇರಿಸೋದಿಲ್ಲ. ಅದೇ ಅದರ ಗುಣ, ಅದೇ ಅದರ ಕಷ್ಟ. ನಮ್ಮ ಕಡೆ ಹೋಂಸ್ಟೇ ಮಾಡಿಕೊಂಡವರೊಬ್ಬರು ಗೇಟಿಗೆ ಶೋಭೆ ಅಂತ ತಂದು ಕಟ್ಟಿದರು. ದಿನಕ್ಕೊಂದು ಹೊಸ ಮುಖ ಬಂದರೆ ನಾಯಿ ಏನು ಮಾಡ್ಬೇಕು? ಬಂದವರ ಮಗುವಿನ ಕೈ ಹಿಡೀತು. ಅಂಗಡಿ ಮನೆಯವರು, ಟ್ಯೂಷನ್‌ಗೆ ಮಕ್ಕಳು ಬರೋ ಮೇಷ್ಟ್ರುಗಳು, ದಯವಿಟ್ಟು ಇದನ್ನ ಬಿಡಿ. ಊಟಿಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದವರು ಎರಡನ್ನೂ ಬಿಡಿ. ಡಿಸೆಂಬರಿನ ಹಿಮಕ್ಕೆ ಈ ಗಿಡ್ಡ ಕೂದಲಿನವು ನಡುಗ್ತವೆ. ಅಲ್ಲಿ ಓಡಾಕೆ ಜಾಗ ಎಲ್ಲಿದೆ?

ನಮ್ಮ ಮನೆ ಲೆಕ್ಕ ಹೇಳ್ತೀನಿ. ನಾನು ರಾತ್ರಿಯೆಲ್ಲ ಕಂಸಾಳೆ ಹಿಡಿದು ಊರೂರಲ್ಲಿ ಮಾದಪ್ಪನ ಕತೆ ಹಾಡೋನು. ಮನೇಲಿ ಇವಳೊಬ್ಬಳೇ, ಎರಡು ಹಸು, ಸುತ್ತ ಬೇಲಿ. ಬರೋ ಹೋಗೋರು ಕಮ್ಮಿ. ಇಂಥ ಮನೆಗೆ ರಾಜಪಾಳಯಂ ಸರಿ, ಮುಧೋಳ ತಪ್ಪು. ಕಾಂಪೌಂಡ್ ಗೋಡೆ ಇರೋ ನಾಲ್ಕೆಕರೆ ತೋಟ, ದಿನಾ ಓಡಿಸೋ ಹರೆಯದ ಮಗ ಇದ್ದರೆ ನಾನೇ ಮುಧೋಳ ತನ್ನಿ ಅಂತಿದ್ದೆ. ಹುಡುಗರು ಇದಕ್ಕೆ ಬೈದುಕೊಳ್ಳಲಿ. ಭೈರವನ ಜೊತೆಗಾರ ನಾಯಿ, ಮೈಲಾರಲಿಂಗನ ಗೊರವರು ನಾಯಿ ಹಾಗೆ ಬೊಗಳಿ ದೋಣಿ ಸೇವೆ ಮಾಡ್ತಾರೆ. ನಾಯಿಗೆ ಅಷ್ಟು ಗೌರವ ಕೊಟ್ಟ ನಾಡಿನವರು ಅದರ ಹಿತವನ್ನೂ ಕೇಳಬೇಕಲ್ಲ.

ಯಾವುದನ್ನ ತಂದರೂ ರಾತ್ರಿ ಒಳಗೆ ಕೂಡಿ. ಹೊರಗೆ ಕಟ್ಟಿದ ನಾಯಿ ಚಿರತೆಗೆ ಬಡಿಸಿದ ಊಟ. ಆನೆ ಬಂದಾಗ ಹೊರಗೆ ಬಿಡಬೇಡಿ, ಬೊಗಳಿ ಕೆಣಕಿ, ನಿಮ್ಮ ಹಿಂದೆ ಬಚ್ಚಿಟ್ಟುಕೊಳ್ಳಾಕೆ ಓಡಿ ಬರ್ತದೆ, ಆನೆಯನ್ನೂ ಕರಕೊಂಡು. ಇಂಜೆಕ್ಷನ್ ಹಾಕಿಸಿ. ಹುಚ್ಚುನಾಯಿ ಕಡಿತಕ್ಕೆ ನಮ್ಮ ಜಿಲ್ಲೆಯ ಕೂನೂರಿನಲ್ಲೇ 1907ರಿಂದ ಪಾಶ್ಚರ್ ಸಂಸ್ಥೆ ಇದೆ, ಇಲ್ಲಿಯವರೇ ಅಸಡ್ಡೆ ಮಾಡಿದರೆ ನಾಚಿಕೆ. ಡಿಸ್ಟೆಂಪರ್‌ಗೂ ಹಾಕಿಸಿ. 2018ರಲ್ಲಿ ಗುಜರಾತಿನ ಗಿರ್ ಕಾಡಲ್ಲಿ ಸಿಂಹಗಳು ಸತ್ತದ್ದು ಅದೇ ವೈರಸ್ಸಿನಿಂದ. ಮುದುಮಲೆಯ ಸೀಳುನಾಯಿಗೂ ನಮ್ಮ ನಾಯಿಯಿಂದ ಅದು ಅಂಟೀತು.

ಮರಿ ತರೋವಾಗ ಕಿವಿ ಪರೀಕ್ಷೆ ಮಾಡಿ. ಬಿಳಿ ರಾಜಪಾಳಯಂನಲ್ಲಿ ಹುಟ್ಟು ಕಿವುಡು ಇರ್ತದೆ. ನಾನು ಹೋದಾಗ ಮಾರೋನು ಮೂಲೇಲಿ ಮಲಗಿದ್ದ ಮರಿ ತೋರಿಸಿ, "ಅಣ್ಣಾ, ಇದು ಬಲು ಸಾಧು, ಗಲಾಟೆ ಇಲ್ಲ" ಅಂದ. ಚೀಲದಿಂದ ಕಂಸಾಳೆ ತೆಗೆದು ಬೆನ್ನ ಹಿಂದೆ ಝಣ್ ಅಂತ ಬಡಿದೆ. ನಾಲ್ಕು ಮರಿ ಹಾರಿಬಿದ್ದವು, ಆ ಸಾಧು ಮರಿ ಕಿವಿ ಅಲ್ಲಾಡಿಸಲಿಲ್ಲ. ಮಾರೋನು ಮುಖ ಆ ಕಡೆ ತಿರುಗಿಸಿದ. ನಾಲ್ಕರಲ್ಲಿ ಒಂದನ್ನ ತಂದೆವು, ಈಗ ಮೂರು ವರ್ಷದ್ದು, ಹಸು ಕೊಟ್ಟಿಗೆ ಪಕ್ಕದ ಕೋಣೇಲಿ ಮಲಗ್ತದೆ. ಇವಳು ಮಾತ್ರ ಆಗಾಗ ಕೇಳ್ತಾಳೆ, "ಆ ಕಿವಿ ಕೇಳದ ಮರೀನ ಯಾರ ತಲೆಗೆ ಕಟ್ಟಿದನೋ ಏನೋ, ಅದನ್ನೂ ತಂದುಬಿಡಬೇಕಿತ್ತು ಕಣ್ರೀ" ಅಂತ.